ಗೋಡೆಯ ಈಚೆಯ ಹುಲ್ಲು

ಮಾವನವರೇ,

ನಿಮ್ಮ ಹುಲ್ಲು ಮತ್ತೆ ಚಿಗುರುತ್ತಿದೆ. ಚಳಿಗಾಲದಲ್ಲಿ ನೀವು ಹೋದ ಮೇಲೆ ಮನೆಯಲ್ಲಿ ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ನಾನೇ ಒಣಗಿದ್ದನ್ನು ಬಾಚಿ ತೆಗೆದೆ, ತುದಿ ಕತ್ತರಿಸಿದೆ, ತಿಪ್ಪೆಗೊಬ್ಬರ ಜರಡಿ ಹಿಡಿದು ಉದುರಿಸಿ ನೀರು ಬಿಟ್ಟೆ. ಹುಲ್ಲಿಗಿಂತ ಮೊದಲು ಎದ್ದು ನಿಂತದ್ದು ಆ ಹಾಳು ಜೇಕಿನ ಕಳೆ. ಅಂಗಳದಲ್ಲಿ ಒಂದು ಕಳೆ ಕಂಡರೂ ನಿಮಗೆ ರೊಟ್ಟಿ ಇಳಿಯುತ್ತಿರಲಿಲ್ಲ, ಹೌದಲ್ಲ?

ಬೆಲ್ಲದ ಅಂಗಡಿಯನ್ನು ಮಗನಿಗೆ ಬಿಟ್ಟು ನೀವು ಮನೆಯ ಮುಂದೆ ಲಾನ್ ಮಾಡಲು ಹೊರಟಾಗ ಮುಧೋಳದ ನಮ್ಮ ಓಣಿಯೆಲ್ಲ ನಕ್ಕಿತ್ತು. “ಯಾಕ್ರೀ ಸಾವ್ಕಾರ್ರ, ದನಾ ತಿನ್ನೂ ಹುಲ್ಲಿಗೆ ಇಷ್ಟು ಉಪಚಾರ?” ಎಂದು ಹಾಲಿನವನು ಕೇಳಿದರೆ, “ನಿನ್ನ ಎಮ್ಮಿ ಈ ಕಡಿ ಬಾಯಿ ಹಾಕಿದ್ರ ಅದರ ಹಾಲು ನಂದ, ನೋಡು” ಎಂದಿದ್ದಿರಿ. ನಾನು ಒಳಗೆ ನಿಂತು ನಕ್ಕಿದ್ದೆ. ಆಗ ನಗು ಬರುತ್ತಿತ್ತು.

ಎರಡು ವರ್ಷದ ಹಿಂದೆ, ಇದೇ ಫಾಲ್ಗುಣದಲ್ಲಿ, ನೀವು ಕಬ್ಬಿನ ಹೊಲಕ್ಕೆ ಹೊಡೆಯುವ ಕಳೆನಾಶಕವನ್ನು ಪಂಪಿಗೆ ತುಂಬಿಕೊಂಡು ಅಂಗಳಕ್ಕೆ ಇಳಿದಿರಿ. “ಕಬ್ಬೂ ಹುಲ್ಲಿನ ಜಾತಿ, ಇದೂ ಹುಲ್ಲಿನ ಜಾತಿ. ಅದಕ್ಕ ಏನೂ ಆಗೂದಿಲ್ಲಂದ್ರ ಇದಕ್ಯಾಕ ಆದೀತು?” ಲೆಕ್ಕವೇನೋ ಸರಿಯೇ. “ಗಾಳಿ ಐತ್ರೀ ಮಾವಾರ, ನಾಳೆ ಮುಂಜಾನಿ ಹೊಡೀರಿ” ಅಂದೆ. “ಗಾಳಿ ಎಲ್ಲೈತಿ?” ಅಂದಿರಿ. ನಿಮ್ಮ ಹೆಗಲ ಮೇಲಿನ ಟವೆಲ್ಲೇ ಹಾರುತ್ತಿತ್ತು.

ಹುಲ್ಲಿಗೆ ಏನೂ ಆಗಲಿಲ್ಲ. ಗೋಡೆಯಾಚೆ, ನಿಮ್ಮ ಅಕ್ಕ ಗಂಗತ್ತೆಯ ಅಂಗಳದಲ್ಲಿದ್ದ ಬಿಲ್ವಪತ್ರಿ ಗಿಡದ ಎಲೆ ಮುರುಟಿಕೊಂಡವು. ಆಮೇಲೆ ಒಂದೊಂದಾಗಿ ಟೊಂಗೆ ಒಣಗಿದವು. ನಿಮ್ಮ ಅವ್ವ ನೆಟ್ಟ ಗಿಡ ಅದು. ಗಂಗತ್ತೆ ದಿನಾ ಪೂಜೆಗೆ ಅದರದೇ ಎಲೆ ಹರಿಯುತ್ತಿದ್ದರು. ಗೋಡೆಯ ಮೇಲಿಂದ ಮುಖ ತೋರಿಸಿ, “ಅವ್ವನ ಗಿಡಾ ಕೊಂದ್ಯಲ್ಲೋ ತಮ್ಮಾ” ಎಂದು ಅತ್ತರು. ತಪ್ಪಾಯಿತು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? “ಹಳೀ ಗಿಡಾ, ಒಣಗಿರ್ತೈತಿ” ಎಂದು ನೀವು ಒಳಗೆ ಬಂದುಬಿಟ್ಟಿರಿ. ಅವತ್ತು ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ ಹಬ್ಬದ ಹೋಳಿಗೆಯೂ ಆ ಗೋಡೆ ದಾಟಲಿಲ್ಲ. ಮಣ್ಣಿಗೆ ಒಯ್ಯುವ ಮೊದಲು ನಿಮಗೆ ವಿಭೂತಿ ಹಚ್ಚಿ ಕೂರಿಸಿದ ದಿನ ಗಂಗತ್ತೆ ಬಂದರು. ಸಂತೆಯಿಂದ ತರಿಸಿದ ಪತ್ರಿಯನ್ನು ನಿಮ್ಮ ತಲೆಯ ಮೇಲೆ ಏರಿಸಿ, ಬಂದ ಹಾಗೇ ಹೋದರು.

ಮೊನ್ನೆ ಮುಂಜಾನೆ ನಾನು ಜೇಕು ಕೀಳುತ್ತ ಕೂತಿದ್ದೆ. ಗೇಟು ತೆಗೆದ ಸಪ್ಪಳವಾಯಿತು. ನೋಡಿದರೆ ಗಂಗತ್ತೆ, ಕೈಯಲ್ಲಿ ಕಳೆ ಕೀಳುವ ಕುರ್ಪಿ. ನನ್ನ ಪಕ್ಕ ಕೂತು ಮಣ್ಣು ಬಿಡಿಸತೊಡಗಿದರು. “ಮ್ಯಾಲಿನ ಎಲಿ ಹರದ್ರ ಏನಾದೀತು ಬೇ? ಗಡ್ಡಿ ಸಮೇತ ತಗೀಬೇಕು. ಅಂವಗೂ ಅದು ಎಂದೂ ತಿಳೀಲಿಲ್ಲ.” ಕಿತ್ತ ಗಡ್ಡೆಯ ಮಣ್ಣು ಕೊಡವುತ್ತ ಕೇಳಿದರು: “ಅಂವಾ ನನ್ನ ನೆನಸ್ತಿದ್ನೇನು?”

ನೀವು ಯಾರಿಗೂ ಹೇಳದ್ದನ್ನು ನಾನು ಹೇಳಿಬಿಟ್ಟೆ. “ದಿನಾ ಮುಂಜಾನಿ ಪೈಪ್ ಹಿಡಕೊಂಡು ಆ ಗ್ವಾಡಿ ಬಾಜೂನ ನಿಂದರ್ತಿದ್ರು, ಅತ್ತಿ. ಅಲ್ಲಿ ಹುಲ್ಲು ಕೊಳತ್ರೂ ಸರೀತಿರ್ಲಿಲ್ಲ. ನೀವು ಏನರ ಅಂತೀರೇನೋ ಅಂತ ಕಾಯ್ತಿದ್ರು.”

ಗಂಗತ್ತೆ ಕುರ್ಪಿ ಕೆಳಗಿಟ್ಟರು. “ನೀರಿನ ಸಪ್ಪಳಾ ಕೇಳಿದ ಕೂಡಲೆ ನಾನೂ ಬಂದು ಆ ಕಡಿ ನಿಂದರ್ತಿದ್ದೆ” ಅಂದರು. “ಅಂವಾ ಕರೀಲಿ ಅಂತ.”

ಇನ್ನು ಮೇಲೆ ನಿಮ್ಮ ಹುಲ್ಲಿಗೆ ಬೆಳಗಿನ ನೀರು ಅವರೇ ಬಿಡುತ್ತಾರಂತೆ. ನಾನು ಹೂಂ ಅಂದಿದ್ದೇನೆ. ಆದರೆ ಮಾವನವರೇ, ನಡುವೆ ಇದ್ದದ್ದು ಒಂದೇ ಇಟ್ಟಿಗೆಯ ಗೋಡೆ. ಒಂದು ಸಲ “ಅಕ್ಕಾ” ಅಂದಿದ್ದರೆ...

ನಿಮ್ಮ ಸೊಸೆ,
ಸವಿತಾ