ವೆಂಡಲ್ ಮುತ್ತಜ್ಜನ ಪೆಟ್ಟಿಗೆ

ಓಲಿ ಕಣಿವೆ, ಪೆನ್ಸಿಲ್ವೇನಿಯಾ
ಆಗಸ್ಟ್ 19, 1912

ಪ್ರೀತಿಯ ಲವೈನಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಒಹಾಯೋದ ಆ ಗಾಳಿಯಲ್ಲಿ ಹೊತ್ತುಗಟ್ಟಲೆ ತೋಟದಲ್ಲಿ ನಿಲ್ಲಬೇಡ. ಭಾವನ ಕೆಮ್ಮು ಇಳಿದಿರಬೇಕು. ನಾವೆಲ್ಲ ಚೆನ್ನಾಗಿದ್ದೇವೆ. ನನಗೆ ಮಾತ್ರ ಒಂದು ವಾರದಿಂದ ಹೊಟ್ಟೆಕಿಚ್ಚು, ಅದಕ್ಕೆ ಕಾರಣ ಸಬೀನಾ.

ಮದುವೆಯಿಲ್ಲದ ನಮ್ಮ ಆರನ್ ಅಜ್ಜ ಸಾಯುವ ಮುಂಚೆ, ಜರ್ಮನಿಯಿಂದ ಬಂದ ವೆಂಡಲ್ ಮುತ್ತಜ್ಜನ ಬಣ್ಣದ ಪೆಟ್ಟಿಗೆ ಆತನ ಹಿರಿಯ ಮಗನ ಕವಲಿಗೇ ಸೇರಬೇಕು ಎಂದಿದ್ದರಲ್ಲ, ಅಂದಿನಿಂದ ಅವಳು ಚರ್ಚಿನ ಹಳೆಯ ಪುಸ್ತಕಗಳನ್ನು ಜಾಲಾಡುತ್ತಿದ್ದಳು. ವೆಂಡಲ್‌ನ ಮೊದಲ ಮಗುವಿಗೆ ಆಡಮ್ ಎಂದು ಹೆಸರಿಟ್ಟದ್ದು ಸಿಕ್ಕಿತಂತೆ, ಎರಡನೆಯವನು ನಮ್ಮ ಕವಲಿನ ಫಿಲಿಪ್. ಸಬೀನಾ ಆಡಮ್‌ನ ಕವಲಿನವಳು, ಆದ್ದರಿಂದ ಪೆಟ್ಟಿಗೆ ಅವಳದಾಯಿತು. ಹೋದ ಭಾನುವಾರ ಕುಟುಂಬದ ಕೂಟಕ್ಕೆ ಹೊಸ ಟೋಪಿ ಹಾಕಿಕೊಂಡು ಬಂದು, ಎಲ್ಲರ ಎದುರಿಗೆ, "ಸಲೋಮಿ, ನೀವು ಕಿರೀ ಕವಲಿನೋರು, ಆ ಕಡೆ ಬೆಂಚಲ್ಲಿ ಕೂತ್ಕೊಳಿ. ಬೇಜಾರ್ ಮಾಡ್ಕೋಬೇಡ ಕಣೇ, ಪೆಟ್ಟಿಗೆ ನೋಡ್ಬೇಕು ಅನ್ಸಿದ್ರೆ ನಮ್ಮನೆಗೆ ಬಾ" ಎಂದಳು. ನಾನು ಮಾಡಿದ ಒಣಸೇಬಿನ ಕಡುಬನ್ನು ಯಾರೂ ಮುಟ್ಟಲಿಲ್ಲ, ಎಲ್ಲರೂ ಪೆಟ್ಟಿಗೆಯ ಸುತ್ತಲೇ ನೆರೆದಿದ್ದರು. ಅದರ ಮೇಲಿನ ಜೋಡಿ ಹಕ್ಕಿ ನೆನಪಿದೆಯಾ? ಚಿಕ್ಕಂದಿನಲ್ಲಿ ಹಂಚಿಕೊಂಡಿದ್ದೆವು. ಕೆಂಪು ಹಕ್ಕಿ ನಿನ್ನದು, ಬಣ್ಣ ಹೋದದ್ದು ನನ್ನದು.

ನಿನ್ನೆ ಅಮ್ಮನ ಸಮಾಧಿಗೆ ಹೂವಿಡಲು ಹೋಗಿದ್ದೆ. ಹಾಗೇ ವೆಂಡಲ್ ಮುತ್ತಜ್ಜನ ಕಲ್ಲಿಗೆ ಹಬ್ಬಿದ ಬಳ್ಳಿಯನ್ನು ಸರಿಸಿದರೆ ಪಕ್ಕದಲ್ಲಿ ಮೊಣಕಾಲೆತ್ತರದ ಇನ್ನೊಂದು ಕಲ್ಲು ಕಂಡಿತು. ಆಡಮ್, ವೆಂಡಲ್‌ನ ಮೊದಲ ಮಗ, ಎರಡು ವರ್ಷಕ್ಕೇ ತೀರಿಕೊಂಡ ಎಂದು ಕೆತ್ತಿದೆ. ಸತ್ತದ್ದು ಫಿಲಿಪ್ ಹುಟ್ಟಿದ ಮರುವರ್ಷ. ತೀರಿಕೊಂಡ ಮಗುವಿನ ಹೆಸರನ್ನು ಆಮೇಲೆ ಹುಟ್ಟಿದ್ದಕ್ಕೆ ಇಡುವುದು ನಮ್ಮವರಲ್ಲಿ ಯಾರಿಗೆ ಗೊತ್ತಿಲ್ಲ? ಆರನ್ ಅಜ್ಜನೇ ಅವರ ಮನೆಯ ಎರಡನೆಯ ಆರನ್. ಅಂದರೆ ಸಬೀನಾಳ ಆಡಮ್ ಆಮೇಲೆ ಹುಟ್ಟಿದ ಎರಡನೆಯ ಆಡಮ್, ಫಿಲಿಪ್‌ಗಿಂತ ಚಿಕ್ಕವನು, ಬದುಕಿ ಬಾಳಿದವರಲ್ಲಿ ಹಿರಿಯವನು ನಮ್ಮವನೇ! ಆ ಮಗುವಿಗಾಗಿ ಮರುಕವಾಗಬೇಕಿತ್ತು, ನನಗಾದದ್ದು ಖುಷಿ. ದೇವರು ಕ್ಷಮಿಸಲಿ.

ಹೇಳಿಬಿಡೋಣವೆಂದು ಸಬೀನಾಳ ಗೇಟಿನವರೆಗೂ ಹೋದೆ. ಅಷ್ಟರಲ್ಲಿ ನಿನ್ನ ನೆನಪಾಯಿತು, ತಿರುಗಿ ಬಂದೆ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ಮಂಡಿಗೆ ಬಿಸಿ ಶಾಖ ಕೊಡು.

ನಿನ್ನ ತಂಗಿ,
ಸಲೋಮಿ

ತಾಜಾಕಲಂ: ಅಂಚೆಯವನು ಬರುವ ಹೊತ್ತಾಯಿತು. ಫಿಲಿಪ್‌ನ ಕವಲಿನಲ್ಲಿ ನಮ್ಮ ತಲೆಮಾರಿನಲ್ಲಿ ಉಳಿದವರು ನಾವಿಬ್ಬರೇ, ಅದರಲ್ಲಿ ಹಿರಿಯವಳು ನೀನು. ನಾನು ಬಾಯಿಬಿಟ್ಟರೆ ಪೆಟ್ಟಿಗೆ ನೇರ ಒಹಾಯೋಗೆ ಹೊರಡುತ್ತದೆ. ನಿನಗೆ ಬೇಡ ಎಂದು ಒಂದು ಸಾಲು ಬರೆ, ಅವತ್ತೇ ಸಬೀನಾಳನ್ನು ಕರೆದೊಯ್ದು ಕಲ್ಲು ತೋರಿಸುತ್ತೇನೆ. ಬೇಕು ಅನ್ನುವುದಾದರೆ ಬರೆಯುವ ತೊಂದರೆ ತೆಗೆದುಕೊಳ್ಳಬೇಡ. ಬಳ್ಳಿಯನ್ನು ಮತ್ತೆ ಕಲ್ಲಿನ ಮೇಲೆ ಎಳೆದು ಬಂದಿದ್ದೇನೆ.