ತಲೆಕಾಲಿಲ್ಲದ ಚಿತ್ರ

ಗ್ಯಾಲರಿಯ ವ್ಯವಸ್ಥಾಪಕರಿಗೆ ನಮಸ್ಕಾರ.

ಬಾಗಿಲ ಎದುರಿನ ಗೋಡೆಯ ಮೇಲಿರುವ ಕಪ್ಪು ಚಿತ್ರವನ್ನು ದಯವಿಟ್ಟು ಇಂದೇ ಇಳಿಸಿ, ನೆಲದ ಮೇಲೆ ಮಲಗಿಸಿ. ಅದು ತೀರಿಕೊಂಡ ನನ್ನ ಅಣ್ಣನ ಕೊನೆಯ ಚಿತ್ರ.

ಅಣ್ಣ ಕ್ಯಾನ್ವಾಸನ್ನು ನೆಲಕ್ಕೆ ಹಾಸಿ, ಸುತ್ತ ಓಡಾಡುತ್ತ, ಎಣ್ಣೆಬಣ್ಣವನ್ನು ಬೆರಳು ದಪ್ಪ ಸುರಿಯುತ್ತಿದ್ದ. "ಇದಕ್ಕೆ ತಲೆ ಎಲ್ಲೋ, ಕಾಲೆಲ್ಲೋ?" ಎಂದರೆ, "ನೀ ನಿಂತ ಕಡೆ ಕಾಲು ಕಣೇ, ಎಂ.ಎ. ಪಂಡಿತೆ" ಎಂದು ನಗುತ್ತಿದ್ದ. ಅಂಥ ಬಣ್ಣ ಮೇಲೆ ಕೆನೆಗಟ್ಟಿದರೂ ಒಳಗೆ ವರ್ಷಗಟ್ಟಲೆ ಹಸಿಯಾಗಿಯೇ ಇರುತ್ತದೆ. ಈ ಚಿತ್ರದ ಕೊನೆಯ ದಿನ, ಸುಮ್ಮನೆ ಏಳಲಾಗದೆ, ಅದರ ಹಸಿಬಣ್ಣದ ಮೇಲೆಯೇ ಅಂಗೈ ಊರಿ ಎದ್ದ. ಗುರುತನ್ನು ನೋಡಿ, "ಇರ್ಲಿ ಬಿಡು, ಈಗ ಮುಗೀತು" ಎಂದ.

ನಿಮ್ಮ ಕೆಲಸಗಾರರು "ಯಾವ ಕಡೆ ಮೇಲೆ ಬರ್ಬೇಕು, ಮೇಡಂ?" ಎಂದು ಕೇಳಿದಾಗ, ಹಾಗೇನೂ ಇಲ್ಲ ಎನ್ನಲು ನನಗೆ ಸಂಕೋಚವಾಯಿತು. ಸುಮ್ಮನೆ ಒಂದು ಕಡೆ ತೋರಿಸಿದೆ.

ಇವತ್ತು ಬಂದು ನೋಡಿದೆ. ಬಣ್ಣ ಒಳಗೊಳಗೇ ಜಾರಿ, ಅಂಗೈ ಗುರುತು ಒಂದು ಗೇಣು ಕೆಳಗಿಳಿದಿದೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಪಕ್ಕದಲ್ಲಿದ್ದವರು, "ಎಷ್ಟು ಚೆನ್ನಾಗಿ ಅಳ್ತಾ ಇದೆ ನೋಡಿ" ಎಂದು ಮೆಚ್ಚಿಕೊಂಡರು. ಅಣ್ಣ ಅಳುವನ್ನು ಬಿಡಿಸಿರಲಿಲ್ಲ.

ದುರಸ್ತಿ ಮಾಡುವವರನ್ನು ಕರೆಸಬೇಡಿ. ಅವರು ಹೊಸದಾಗಿ ಐದು ಬೆರಳು ಮೂಡಿಸಿಯಾರು. ಅವು ಯಾರವೋ ಆಗಿರುತ್ತವೆ.

ಇಂತಿ,
ಕಲಾವಿದನ ತಂಗಿ