ನನ್ನ ಗೂಡಿನೊಳಗೆ ನಿನ್ನ ಗಂಟು

ಸಲೈನಾ
ಆಗಸ್ಟ್ 29, ಗುರುವಾರ

ಅಮ್ಮಾ,

ಮೊದಲು 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಗೀಚಿದ ಹಾಳೆಯನ್ನು ನಿನಗೆ ಕಳಿಸಿದರೆ ನೀನು ಓದುವುದು ಬಿಟ್ಟು ಗೀಚಿದ್ದನ್ನೇ ನೋಡುತ್ತೀಯೆಂದು ಹೊಸ ಹಾಳೆ ತೆಗೆದುಕೊಂಡೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಮೂರು ಮುಗಿಸಿರುತ್ತೀ. ಕೊನೆಗೆ ನಾನೇ "ಸರಿ ಬಿಡಮ್ಮ, ಪರವಾಗಿಲ್ಲ" ಎಂದು ಇಟ್ಟುಬಿಡುತ್ತೇನೆ. ಈ ಸಲ ಪರವಾಗಿಲ್ಲ ಅನ್ನಲಾರೆ. ಕಾಗದದ ಮಧ್ಯೆ ನೀನು ಬಾಯಿ ಹಾಕುವಂತಿಲ್ಲ. ಪೂರ್ತಿ ಓದು.

ಶನಿವಾರ ನಮ್ಮ ರಾಕೆಟ್ ಕ್ಲಬ್ಬಿನ ಮೈದಾನದಿಂದ ತೇಲಿಹೋದ ನನ್ನ ರಾಕೆಟ್ ಸಿಕ್ಕಿತು. ನಿನ್ನೆ ಮಿಸೆಸ್ ಉನ್ರೂ ಫೋನ್ ಮಾಡಿದ್ದರು. ಕೊಳವೆಯ ಮೇಲೆ ನನ್ನ ನಂಬರ್ ಬರೆದಿತ್ತಲ್ಲ. "ಈ ಕಿತ್ತಳೆ ಛತ್ರಿ ನಿಂದೇನಮ್ಮಾ? ನಮ್ಮ ಸೂರ್ಯಕಾಂತಿ ಮೇಲೆ ಬಂದು ಕೂತಿದೆ. ಒಂದು ಹಕ್ಕಿನೂ ಹತ್ರ ಸುಳೀತಿಲ್ಲ. ಇನ್ನೆರಡು ದಿನ ಇಲ್ಲೇ ಬಿಟ್ಟಿರ್ಲಾ?" ಎಂದರು. ನಾನು ನಗಲಿಲ್ಲ. ಈಗ ಬರೆಯುವಾಗ ನಗು ಬರುತ್ತಿದೆ, ಅದಕ್ಕೂ ಸಿಟ್ಟು ಬರುತ್ತಿದೆ. ಕೆಲಸ ಮುಗಿಸಿ ಅವರ ಹೊಲಕ್ಕೆ ಹೋದೆ. ತಲೆಗಿಂತ ಎತ್ತರದ ಗಿಡಗಳು, ಎಲೆಗಳೆಲ್ಲ ಗರಗಸ. ತೋಳು ತುಂಬಾ ತರಚಿಕೊಂಡು ಹೊರಗೆ ತಂದೆ. ಒಂದು ರೆಕ್ಕೆಯೂ ಮುರಿದಿಲ್ಲ. ಹಗ್ಗ, ಕೊಂಡಿ, ಯು-ಬೋಲ್ಟು, ನಾನು ಕಟ್ಟಿದ್ದೆಲ್ಲ ಕಟ್ಟಿದ ಹಾಗೇ ಇದೆ.

ಅಲ್ಲೇ ಕಾರಿನ ಹಿಂಬಾಗಿಲ ಮೇಲೆ ಕೂತು, ತಂತಿ-ಬ್ಯಾಟರಿಗಳಿರುವ ನಡುವಿನ ಗೂಡನ್ನು ಬಿಚ್ಚಿದೆ.

ಆ ಗೂಡನ್ನು ನಾನು ಹೇಗೆ ಕಟ್ಟಿದೆ ಎಂದು ನಿನಗೆ ಗೊತ್ತಿಲ್ಲ. ನೀನು ಕೇಳಲಿಲ್ಲ. ಚಳಿಗಾಲವಿಡೀ ನನ್ನ ಅಡುಗೆಮನೆಯ ಮೇಜಿನ ಮೇಲೆ ಊಟದ ತಟ್ಟೆಗೆ ಜಾಗವಿರಲಿಲ್ಲ. ಪ್ಲೈವುಡ್ ಹಲಗೆಯನ್ನು ಮೂರು ಸಲ ಕತ್ತರಿಸಿದೆ. ಎರಡು ಸಲ ಕೊಳವೆಯೊಳಗೆ ಅದು ಲಟಲಟ ಅಂದಿತು. ಎತ್ತರ ಅಳೆದು ಮದ್ದು ಸಿಡಿಸುವ ಆಲ್ಟಿಮೀಟರ್ ಒಂದು ಮುಖಕ್ಕೆ, ಬ್ಯಾಟರಿ ಇನ್ನೊಂದು ಮುಖಕ್ಕೆ. ಎರಡೂ ತುದಿಗೆ ದಪ್ಪ ಮುಚ್ಚಳ, ಮುಚ್ಚಳಕ್ಕೊಂದು ಹಗ್ಗ ಕಟ್ಟುವ ಯು-ಬೋಲ್ಟು. ಬೋಲ್ಟು ಎಳೆತ ತಡೆಯುತ್ತದೋ ಇಲ್ಲವೋ ನೋಡಲು ಅದನ್ನು ಮೆಟ್ಟಿಲ ಕಂಬಿಗೆ ಸಿಕ್ಕಿಸಿ ಹಗ್ಗ ಹಿಡಿದು ಜೋತುಬಿದ್ದೆ. ಕೆಳಮನೆಯವರು ಬಾಗಿಲು ತೆಗೆದು, "ಯಾಕಮ್ಮಾ, ಎಲ್ಲಾ ಸರಿಯಿದೆ ತಾನೇ? ಯಾರಿಗಾದ್ರೂ ಫೋನ್ ಮಾಡ್ಲಾ?" ಎಂದು ಕೇಳಿದರು. ನಾಚಿಕೆಯಲ್ಲಿ ಹಗ್ಗ ಸುತ್ತಿಕೊಂಡು ಒಳಗೆ ಓಡಿದೆ. ಆದರೂ ಮುಚ್ಚಳ ಅಲುಗಲಿಲ್ಲವೆಂದು ರಾತ್ರಿಯಿಡೀ ಖುಷಿಯಾಗಿದ್ದೆ.

ಎಲ್ಲರೂ ತುದಿಯಲ್ಲಿ ಮೊದಲು ಬಿಚ್ಚುವ ಚಿಕ್ಕ ಪ್ಯಾರಾಚೂಟನ್ನು ಬಾಲದ ಕೊಳವೆಯಲ್ಲಿ, ನೆಲದ ಹತ್ತಿರ ಬಿಚ್ಚುವ ದೊಡ್ಡದನ್ನು ಮೂತಿಯ ಕೊಳವೆಯಲ್ಲಿ ಇಡುತ್ತಾರೆ. ನಾನು ತಿರುಗಾಮುರುಗಾ ಇಟ್ಟೆ. ಮೂತಿಯಲ್ಲಿ, ಎಲ್ಲಿ ಬಿತ್ತೆಂದು ತಿಳಿಸುವ ರೇಡಿಯೋ ಇಟ್ಟ ಮೇಲೆ ಅಲ್ಲಿ ದೊಡ್ಡದಕ್ಕೆ ಜಾಗವಿರಲಿಲ್ಲ. ಹಾಗಾಗಿ ಮೊದಲು ಸಿಡಿಯಬೇಕಾದ ಮದ್ದಿನ ತಂತಿ ಮೂತಿಯ ಕಡೆಗೆ, ಆಮೇಲಿನದು ಬಾಲದ ಕಡೆಗೆ. ಇದನ್ನು ನಿನಗೆ ಹೇಳಿದ್ದೆ ಅಮ್ಮ. ಜುಲೈನಲ್ಲಿ, ನಿನ್ನ ಹಿತ್ತಲಲ್ಲಿ ಕೂತು ಜೋಳದ ತೆನೆ ಸುಲಿಯುವಾಗ. ನೀನು "ಹೂಂ, ಹೂಂ" ಎಂದು, "ಆ ಬಕೆಟ್ ಈಕಡೆ ತಳ್ಳು" ಎಂದೆ.

ನಿನ್ನೆ ಗೂಡು ಬಿಚ್ಚಿದಾಗ ಎರಡು ತಂತಿಗಳೂ ಅದಲುಬದಲಾಗಿದ್ದವು. ಯಾವ ತುದಿ ಯಾವುದೆಂದು ಮುಚ್ಚಳದ ಒಳಮುಖದಲ್ಲಿ ನಾನು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೆ. ಅದನ್ನು ರಬ್ಬರಿನಲ್ಲಿ ಅಳಿಸಿ, ಕಪ್ಪು ಶಾಯಿಯ ದೊಡ್ಡಕ್ಷರದಲ್ಲಿ ತಿದ್ದಿ ಬರೆದಿತ್ತು. ನಾನು ಸಡಿಲವಾಗಿ ಬಿಟ್ಟಿದ್ದ ತಂತಿಗಳನ್ನು ಒತ್ತಾಗಿ ಸೇರಿಸಿ, ಬೆರಳಗಲಕ್ಕೊಂದರಂತೆ ಮೇಣದ ದಾರದ ಗಂಟು ಹಾಕಿತ್ತು. ವಿಚಿಟಾದ ವಿಮಾನ ಕಾರ್ಖಾನೆಯಲ್ಲಿ ನೀನು ನಿವೃತ್ತಳಾಗುವವರೆಗೂ ಹಾಕಿದ ಗಂಟು. ನನ್ನ ಶಾಲೆಯ ಚೀಲದ ಹರಿದ ಪಟ್ಟಿಗೆ ಹಾಕಿಕೊಟ್ಟ ಗಂಟು. ಈ ಕ್ಲಬ್ಬಿನಲ್ಲಿ ಇನ್ಯಾರಿಗೂ ಬಾರದು ಅದು.

ಶುಕ್ರವಾರ ರಾಕೆಟ್ಟನ್ನು ನಿನ್ನ ಗ್ಯಾರೇಜಿನಲ್ಲಿ ಬಿಟ್ಟು ಹೋದೆ, ಮೈದಾನಕ್ಕೆ ನಿನ್ನ ಮನೆ ಹತ್ತಿರವೆಂದು. ಅಷ್ಟೇ ನಾನು ಮಾಡಿದ್ದು.

ಮರುದಿನ ಬೆಳಿಗ್ಗೆ ನಾನು ಗೂಡನ್ನು ಬಿಚ್ಚಬೇಕಾಗಿರಲಿಲ್ಲ. ಮದ್ದು ತುಂಬುವುದು ಹೊರಗಿನ ಬಟ್ಟಲುಗಳಿಗೆ. ರಾಕೆಟ್ಟನ್ನು ಹಾರಿಸುವ ಕಂಬದ ಮೇಲೇರಿಸಿ ಸ್ವಿಚ್ ಹಾಕಿದಾಗ ಆಲ್ಟಿಮೀಟರ್ ಮೂರು ಸಲ ಕೂಗಿತು, ಎರಡೂ ತಂತಿ ಸರಿಯಾಗಿ ಕೂತಿವೆ ಎಂದು. ಕೂತಿದ್ದವು, ನಿಜವೇ. ಯಾವುದು ಎಲ್ಲಿ ಎಂದು ಅದಕ್ಕೇನು ಗೊತ್ತು? ನಾನು ಆ ಮೂರು ಕೂಗು ಕೇಳಿ ಕೈಮುಗಿಯುವುದೊಂದು ಬಾಕಿ.

ಎಷ್ಟು ನೇರವಾಗಿ ಏರಿತು, ನೋಡಿದೆಯಲ್ಲ! ತುದಿ ಮುಟ್ಟಿ ಮಗುಚಿದಾಗ ಚಿಕ್ಕದು ಬರಬೇಕಿತ್ತು. ಕಿತ್ತಳೆಯ ದೊಡ್ಡದು ಅರಳಿತು. ಇಡೀ ಮೈದಾನ "ಅಯ್ಯೋ" ಎಂದಿತು. ಅಷ್ಟು ಮೇಲಿನ ಗಾಳಿಗೆ ಸಿಕ್ಕಿ ಅದು ಕೂಳೆ ಹೊಲ ದಾಟಿ, ರಸ್ತೆ ದಾಟಿ, ಧಾನ್ಯದ ಗೋಪುರಗಳನ್ನೂ ದಾಟಿ ತೇಲಿಕೊಂಡು ಹೋಯಿತು. ಮೂತಿಯ ರೇಡಿಯೋ ಸದ್ದೂ ಸ್ವಲ್ಪ ಹೊತ್ತಿಗೆ ನಿಂತಿತು. ಸಂಜೆಯೊಳಗೆ ರಾಕೆಟ್ಟನ್ನು ತಪಾಸಣೆಯ ಮೇಜಿನ ಮೇಲೆ ತಂದಿಡದಿದ್ದರೆ ಪರೀಕ್ಷೆಯ ಸರ್ಟಿಫಿಕೇಟ್ ಇಲ್ಲ. ಇಲ್ಲ ಅಂದರೆ ಇಲ್ಲ.

ಎಲ್ಲರೂ ಆಕಾಶ ನೋಡುತ್ತಿದ್ದರು. ನಾನು ನಿನ್ನನ್ನು ನೋಡಿದೆ. ನನಗೆ ಅದೊಂದು ಅಭ್ಯಾಸ, ಮಾತಾಡಲು ಬಾರದವರಿಗೆ ನೋಡುವುದೇ ಕೆಲಸ. ನಿನ್ನ ಕೈ ಬಾಯಿಗೆ ಹೋಯಿತು. ಆಮೇಲೆ ಕೈ ಇಳಿಸಿ, ಎಲ್ಲರಿಗಿಂತ ಮೊದಲು ನೀನೇ ಅಂದೆ: "ತಂತಿ ಅದಲುಬದಲು ಮಾಡಿದಾಳೆ ಇವಳು. ನಾಲ್ಕು ವರ್ಷ ಕಾಲೇಜಲ್ಲಿ ಕಾದಂಬರಿ ಓದಿದ್ರೆ ಇನ್ನೇನಾಗತ್ತೆ? ಎರಡು ತಂತಿ, ಎರಡೇ ಎರಡು ಕಣ್ರೀ!" ಕ್ಲಬ್ಬಿನ ಡೆನ್ನಿ ನಕ್ಕ. "ಏನ್ ಥಿಯಾ, ಮುಂದಿನ ಸಲ ರಾಕೆಟ್ಟಿಗೆ ಒಂದು ಕವಿತೆ ಬರೆದು ಅಂಟಿಸು, ಅದಾದ್ರೂ ದಾರಿ ಕೇಳ್ಕೊಂಡು ವಾಪಸ್ ಬರತ್ತೆ" ಎಂದ. ಅವನ ಮಾತಿಗೂ ನಕ್ಕೆ ನಾನು. ನೀನು ನನ್ನ ಕೈಗೆ ಎಲೆಕೋಸು, ಮಾಂಸ ತುಂಬಿದ ಬೀರಾಕ್ ಬನ್ನಿನ ತಟ್ಟೆ ಕೊಟ್ಟು, "ತಿನ್ನು, ಮುಖ ಸಣ್ಣ ಮಾಡ್ಕೋಬೇಡ" ಎಂದೆ. ಹಸಿವಿರಲಿಲ್ಲ. ಆದರೂ ತಿಂದೆ.

ಅಮ್ಮ, ದೊಡ್ಡ ಪ್ಯಾರಾಚೂಟು ಮೇಲೇ ಅರಳಿದರೆ ಈ ಕ್ಲಬ್ಬಿನಲ್ಲಿ ಯಾರಾದರೂ ಮೊದಲು ಏನನ್ನುತ್ತಾರೆ? ಕೊಳವೆ ಹಿಡಿದಿಡುವ ನೈಲಾನ್ ಪಿನ್ನು ಸಣ್ಣದಾಯಿತು, ಮೊದಲ ಮದ್ದಿನ ಕುಲುಕಿಗೇ ಮುರಿಯಿತು ಅನ್ನುತ್ತಾರೆ. ಹತ್ತಕ್ಕೆ ಒಂಬತ್ತು ಸಲ ಅದೇ. ನೀನೇ ಹೊಸಬರಿಗೆ ಹೇಳಿಕೊಡುವುದು ಅದನ್ನು. ಗೂಡು ಬಿಚ್ಚದೆ, ರಾಕೆಟ್ ಇನ್ನೂ ಗಾಳಿಯಲ್ಲಿರುವಾಗಲೇ ತಂತಿ ಎಂದು ನಿನಗೆ ಹೇಗೆ ಗೊತ್ತಾಯಿತು?

ಆ ಕ್ಷಣಕ್ಕೆ ಗೊತ್ತಾಯಿತು. ಆ ಕ್ಷಣದಲ್ಲೇ ನೀನು ಅದನ್ನು ನನ್ನ ತಲೆಗೆ ಕಟ್ಟಿದೆ.

ಕೈಹಾಕಿದ್ದಕ್ಕೆ ನನಗೆ ಇಷ್ಟು ಸಿಟ್ಟಿಲ್ಲ. ಅದೂ ಇದೆ, ಸುಳ್ಳು ಯಾಕೆ ಹೇಳಲಿ. ನನ್ನ ಶಾಲೆಯ ಚಿತ್ರಗಳ ಗೆರೆ ತಿದ್ದಿದವಳು ನೀನು. ನನ್ನ ಮೊದಲ ಕೆಲಸದ ಅರ್ಜಿಯನ್ನು ನನಗೆ ಹೇಳದೆ ಮತ್ತೆ ಟೈಪ್ ಮಾಡಿದವಳು. ಅದಕ್ಕೆಲ್ಲ ಒಗ್ಗಿಹೋಗಿದ್ದೇನೆ. ತಿರುಗಾಮುರುಗಾ ಕಂಡದ್ದನ್ನು ನೀನು ನಿನ್ನ ಅಭ್ಯಾಸದಂತೆ ನೇರ ಮಾಡಿದೆ; ಮಗಳಿಗೆ ಅನುಕೂಲವಾಗಲಿ ಎಂದೇ ಮಾಡಿರುತ್ತೀ. ಇವಳು ಬೇಕೆಂದೇ ಹೀಗೆ ಮಾಡಿರಬಹುದೇ ಎಂಬ ಯೋಚನೆ ಮಾತ್ರ ನಿನಗೆ ಬರಲೇ ಇಲ್ಲ. ಬಂದಿದ್ದರೆ ಒಂದು ಫೋನ್ ಮಾಡುತ್ತಿದ್ದೆ. ಇರಲಿ. ಆದರೆ ಅಷ್ಟು ಜನರೆದುರು ನನ್ನ ತಲೆಯನ್ನು ಆಡಿಕೊಂಡೆಯಲ್ಲ, ಅದನ್ನು ಹೇಗೆ ನುಂಗಲಿ?

ಪರೀಕ್ಷೆಗೆ ಹಾರಿಸುವ ರಾಕೆಟ್ಟನ್ನು ಹಾರಿಸುವವರೇ ಕಟ್ಟಿರಬೇಕು, ಬೇರೆಯವರು ಮುಟ್ಟಿದರೆ ಮುಟ್ಟಿದವರು ತಪಾಸಣೆಯ ಮೇಜಿಗೆ ಮತ್ತೆ ಕೂರುವಂತಿಲ್ಲ. ಆ ನಿಯಮವನ್ನು ಬರೆದು ಟ್ರೇಲರಿನ ಬಾಗಿಲಿಗೆ ಅಂಟಿಸಿದವಳು ನೀನೇ. ಆ ಮೇಜು ನಿನಗೆ ಏನೆಂದು ನನಗೆ ಗೊತ್ತು. ಕಾರ್ಖಾನೆ ಬಿಟ್ಟ ಮೇಲೆ ನೀನು ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಹೊರಡುವುದು ಅದೊಂದಕ್ಕೇ. ಗೊತ್ತಿದ್ದೂ ಬರೆಯುತ್ತಿದ್ದೇನೆ.

ಸೆಪ್ಟೆಂಬರಿನ ಸಭೆಯಲ್ಲಿ, ವಾಡಿಕೆಯಂತೆ, ಸೋತವರು ಎದ್ದು ನಿಂತು ಏನು ತಪ್ಪಾಯಿತೆಂದು ಹೇಳಬೇಕು. ಹೇಳಿದವರನ್ನು ನೋಡಿ ಯಾರೂ ನಗುವುದಿಲ್ಲ, ಎಲ್ಲರೂ ಕಲಿಯುತ್ತಾರೆ, ಆಮೇಲೆ ಕಾಫಿ. ಒಳ್ಳೆಯ ವಾಡಿಕೆ. ನನ್ನ ಹೆಸರು ಕರೆದಾಗ ನಾನು ಏಳುವುದಿಲ್ಲ. ನೀನು ಏಳಬೇಕು. "ಗ್ಯಾರೇಜಿನಲ್ಲಿ ನಾನು ಬಿಚ್ಚಿದೆ, ನಾನು ಬದಲಿಸಿದೆ, ಅವಳು ಕಟ್ಟಿದ್ದು ಸರಿಯಾಗಿತ್ತು" ಎನ್ನಬೇಕು. ಇಷ್ಟೇ. ಅಳಬೇಕಾಗಿಲ್ಲ, ನನ್ನನ್ನು ಹೊಗಳಬೇಕಾಗಿಯೂ ಇಲ್ಲ.

ನೀನು ಏಳದಿದ್ದರೆ ಗೂಡಿನ ಆ ಹಲಗೆಯನ್ನು ತಂತಿ ಸಮೇತ ಸಭೆಯ ಮೇಜಿನ ಮೇಲಿಟ್ಟು ಬರುತ್ತೇನೆ. ನಾನು ಒಂದು ಗಂಟನ್ನೂ ಬಿಚ್ಚಿಲ್ಲ. ನೋಡಿದವರಿಗೆ ಯಾರ ಕೈಯೆಂದು ತಿಳಿಯುತ್ತದೆ, ನಾನು ಬಾಯಿ ತೆರೆಯಬೇಕಾಗಿಲ್ಲ.

ಅಕ್ಟೋಬರಿನಲ್ಲಿ ಮತ್ತೆ ಹಾರಿಸುತ್ತೇನೆ. ದೊಡ್ಡ ಪ್ಯಾರಾಚೂಟು ಬಾಲದಲ್ಲೇ ಇರುತ್ತದೆ. ರಾಕೆಟ್ ನನ್ನ ಕಾರಿನಲ್ಲೇ ಬರುತ್ತದೆ.

ಇಂತಿ,
ನಿನ್ನ ಮಗಳು
ಥಿಯಾ

ಮರೆತ ಮಾತಲ್ಲ, ಬೇಕೆಂದೇ ಮೇಲೆ ಬರೆಯದೆ ಬಿಟ್ಟದ್ದು: ಕ್ಲಬ್ಬಿನ ಅಧ್ಯಕ್ಷ ಹಾರ್ಲನ್ ಇವತ್ತು ಮಧ್ಯಾಹ್ನ ನಾನು ಕೆಲಸ ಮಾಡುವ ಲೈಬ್ರರಿಗೆ ಬಂದಿದ್ದರು. ರಾಕೆಟ್ ಸಿಕ್ಕಿದ್ದು ಅವರಿಗೆ ತಿಳಿದಿತ್ತು. "ಗೂಡು ಬಿಚ್ಚಿದ್ಯಾ? ಏನಾಗಿತ್ತು?" ಎಂದು ಮೆತ್ತಗೆ ಕೇಳಿದರು. ಹಲಗೆ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ನಾನು ತೆಗೆಯಲಿಲ್ಲ. "ಅಮ್ಮ ಹೇಳಿದ್ದೇ ಸರಿ. ತಂತಿ ನಾನೇ ತಪ್ಪಾಗಿ ಹಾಕಿದ್ದೆ" ಎಂದುಬಿಟ್ಟೆ. ಯಾಕೆಂದು ಕೇಳಬೇಡ, ಸಿಟ್ಟು ಇಳಿಯುವ ಮೊದಲೇ ಅಂದೆ. ಅವರು ನನ್ನ ಭುಜ ತಟ್ಟಿ, "ಹೋಗ್ಲಿ ಬಿಡು ಮಗು. ಅಕ್ಟೋಬರ್‌ನಲ್ಲಿ ಹಾರ್ಸೋಕ್ ಮುಂಚೆ ಗೂಡನ್ನ ನಿಮ್ಮಮ್ಮನಿಗೊಂದ್ಸಲ ತೋರ್ಸು. ಅವಳು ಕೂತು ಹೇಳ್ಕೊಡ್ಲಿ. ಸಭೇಲೇ ಅವಳಿಗೆ ಒಪ್ಪಿಸ್ತೀನಿ" ಎಂದರು. ನಾನು ಹೂಂ ಅಂದೆ. ಎಲ್ಲರೆದುರು ಅವರು ನನ್ನನ್ನು ನಿನ್ನ ಕೈಗೆ ಒಪ್ಪಿಸುವಾಗ ನೀನು ಏನು ಹೇಳುತ್ತೀಯೆಂದು ಕೇಳಲು ಬರುತ್ತೇನೆ. ಮೇಲೆ ಏನೇ ಬರೆದಿರಲಿ, ಹಲಗೆಯನ್ನು ತರುವುದಿಲ್ಲ.